ಕೃತಕ ಬುದ್ಧಿಮತ್ತೆ ಭೀತಿ: ಮಹಾಲಿಂಗಪುರ ಪರಿಸರದ ಒಂದು ಬಹುಶಿಸ್ತೀಯ, ಅಂತರ್‌ಶಿಸ್ತೀಯ ಹಾಗೂ ಅಶಿಸ್ತೀಯ ಅಧ್ಯಯನ

1. ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು ವರ್ತಮಾನದ ಜಾಗತಿಕ ಸಂದರ್ಭದಲ್ಲಿ ಕೃತಕ ಬುದ್ಧಿಮತ್ತೆಯು ಹುಟ್ಟುಹಾಕಿರುವ ಭೀತಿಯ ಸಂಕಥನವನ್ನು, ಮಹಾಲಿಂಗಪುರವನ್ನು ಕೇಂದ್ರದಲ್ಲಿಟ್ಟುಕೊಂಡು, ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳನ್ನು ಅಂಚಿನಲ್ಲಿಟ್ಟುಕೊಂಡು, ಊಟದ ವೇಳೆಯನ್ನು ಗಮನದಲ್ಲಿಟ್ಟುಕೊಂಡು ಶೋಧಿಸುವ ವಿನಮ್ರ ಯತ್ನವಾಗಿದೆ.

ಈ ಭಾಗದ ಯಾವುದೇ ಪ್ರಬಂಧ ರನ್ನನಿಂದ ಆರಂಭವಾಗತಕ್ಕದ್ದು ಎಂಬುದು ಅಲಿಖಿತ ನಿಯಮ. ಆದ್ದರಿಂದ: ರನ್ನ ಮುಧೋಳದವನು. ಎರಡನೆಯ ನಿಯಮದಂತೆ ಮುಧೋಳ ನಾಯಿ ಬರಬೇಕು. ಅದರ ಅಂಚೆಚೀಟಿ 2005ರಲ್ಲಿ ಬಂದಿದೆ. ಕವಿಗೂ ನಾಯಿಗೂ ಕೃತಕ ಬುದ್ಧಿಮತ್ತೆಗೂ ಇರುವ ಸಂಬಂಧದ ಮೇಲೆ ಮುಂದಿನ ಸಂಶೋಧಕರು ಬೆಳಕು ಚೆಲ್ಲಬಹುದಾಗಿದೆ.

1.1 ವ್ಯಾಪ್ತಿ ಮತ್ತು ಮಿತಿ

ವ್ಯಾಪ್ತಿ: ಇಡೀ ಮನುಕುಲ. ಮಿತಿ: ಎಂಟು ಪುಟ, ನುಡಿ ತಂತ್ರಾಂಶ, ನೋಂದಣಿ ಶುಲ್ಕ ಕಡ್ಡಾಯ. ಪ್ರಬಂಧ ಮಂಡಿಸಲು ಬಾರದವರಿಗೂ ಪ್ರಮಾಣಪತ್ರ ಅಂಚೆಯಲ್ಲಿ ಬರುವುದು.

1.2 ಪೂರ್ವಾಧ್ಯಯನಗಳ ಸಮೀಕ್ಷೆ

ಯಂತ್ರ ಯೋಚಿಸಬಲ್ಲದೇ ಎಂದು ಅಲನ್ ಟ್ಯೂರಿಂಗ್ 1950ರಲ್ಲಿ ಕೇಳಿದ. 1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಲವರು ಸೇರಿ ಈ ವಿದ್ಯೆಗೊಂದು ಹೆಸರು ಕೊಟ್ಟು ಕೆಲಸ ಹಚ್ಚಿದರು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಆರು ತಿಂಗಳು ಇದನ್ನೆಲ್ಲ ನಿಲ್ಲಿಸಿ ಎಂದು 2023ರ ಮಾರ್ಚ್‌ನಲ್ಲಿ ದೊಡ್ಡವರು ಬಹಿರಂಗ ಪತ್ರ ಬರೆದರು. ಯಾರೂ ನಿಲ್ಲಿಸಲಿಲ್ಲ. ಅದೇ ವರ್ಷ ಜೆಫ್ರಿ ಹಿಂಟನ್ ಗೂಗಲ್ ಬಿಟ್ಟು ಬಂದು, ತಾವೇ ಬೆಳೆಸಿದ ವಿದ್ಯೆ ಅಪಾಯಕಾರಿ ಎಂದು ಎಚ್ಚರಿಸಿದರು. ಮರುವರ್ಷ ಅದೇ ವಿದ್ಯೆಗಾಗಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಹೀಗೆ ಭೀತಿ ಮತ್ತು ಸನ್ಮಾನಗಳ ದ್ವಂದ್ವಾತ್ಮಕ ಅನುಸಂಧಾನವನ್ನು ಇಲ್ಲಿ ಗುರುತಿಸಬಹುದಾಗಿದೆ. ಗುರುತಿಸಿದ್ದಾಯಿತು, ಮುಂದೆ ಹೋಗೋಣ.

2. ಭೀತಿಯ ವರ್ಗೀಕರಣ

ಸದರಿ ಭೀತಿಯನ್ನು ಒಂಬತ್ತು ವರ್ಗಗಳಾಗಿಯೂ ಪ್ರತಿ ವರ್ಗವನ್ನು ಮೂರು ಉಪವರ್ಗಗಳಾಗಿಯೂ ವಿಂಗಡಿಸಲಾಗಿದೆ.

(ಅ) ಪ್ರತಿರೂಪಜನ್ಯ ಭೀತಿ: ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬರ ಮೈಗೆ ಅಂಟಿಸಿದ ವಿಡಿಯೊ 2023ರ ನವೆಂಬರ್‌ನಲ್ಲಿ ದೇಶವಿಡೀ ಸುತ್ತಿತು. ಇಂಥಲ್ಲಿ ದುಡ್ಡು ಹಾಕಿ ಎಂದು ಇನ್ಫೊಸಿಸ್ ನಾರಾಯಣಮೂರ್ತಿಯವರೇ ಹೇಳುವಂಥ ನಕಲಿ ವಿಡಿಯೊಗಳೂ ಬಂದವು. ಆದರೆ ನಮ್ಮ ನೆರೆಯ ವಿಜಯಪುರದ ಉದಾಹರಣೆ ಈ ವರ್ಗಕ್ಕೆ ಒಗ್ಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ‘ಮನದ ಮಾತು’ ಕಾರ್ಯಕ್ರಮದಲ್ಲಿ ‘ಡಿಜಿಟಲ್ ಅರೆಸ್ಟ್’ ಮೋಸ ತೋರಿಸಲು ಕೇಳಿಸಿದ ಧ್ವನಿಮುದ್ರಿಕೆ ಆ ಊರಿನದು. ಅದರಲ್ಲಿ ಕೃತಕ ಬುದ್ಧಿಯ ಕೆಲಸವೇನೂ ಕಾಣಲಿಲ್ಲ. ಒಂದು ಪೊಲೀಸ್ ವೇಷ, ಒಂದು ಗಡಸು ದನಿ ಸಾಕಾಗಿತ್ತು. ಪೊಲೀಸರೆಂದರೆ ನಡುಗುವ ಅಭ್ಯಾಸವನ್ನು ನಮಗೆ ಯಾವ ಯಂತ್ರವೂ ಕಲಿಸಿದ್ದಲ್ಲ.

(ಆ) ಮಿಥ್ಯೋಲ್ಲೇಖಜನ್ಯ ಭೀತಿ: ಯಂತ್ರ ಇಲ್ಲದ ಉಲ್ಲೇಖಗಳನ್ನು ಹುಟ್ಟಿಸುತ್ತದೆ ಎಂಬ ಭೀತಿ ಇದು. ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ, ಸುಪ್ರೀಂ ಕೋರ್ಟ್ ಕೊಟ್ಟೇ ಇರದ ತೀರ್ಪುಗಳ ಉಲ್ಲೇಖ ಇದ್ದುದನ್ನು ಕಂಡು, ರಾಜ್ಯ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ವಿಚಾರಣೆಗೆ ಸೂಚಿಸಿತು. ಇಲ್ಲದ ಗ್ರಂಥದ ಇಲ್ಲದ ಪುಟದಿಂದ ಉದ್ಧರಿಸುವ ಕಲೆ ನಮ್ಮ ವಿಚಾರ ಸಂಕಿರಣಗಳಲ್ಲಿ ಕರೆಂಟಿನ ಖರ್ಚಿಲ್ಲದೆ ದಶಕಗಳಿಂದ ನಡೆದುಬಂದಿರುವುದರಿಂದ, ವಿದ್ವಾಂಸರ ಈ ಭೀತಿಯನ್ನು ಸ್ಪರ್ಧಾಭೀತಿ ಎಂಬ ಉಪವರ್ಗಕ್ಕೆ ಸೇರಿಸಲಾಗಿದೆ.

(ಇ) ಅಪಾರದರ್ಶಕತಾಜನ್ಯ ಭೀತಿ: ಒಳಗೆ ಏನು ಲೆಕ್ಕ ನಡೆಯುತ್ತದೆ ಎಂದು ಹೊರಗಿನವರಿಗೆ ತಿಳಿಯದ ಯಂತ್ರವು ನಮ್ಮ ಬದುಕನ್ನು ತೀರ್ಮಾನಿಸುವುದು ಮನುಕುಲಕ್ಕೆ ಹೊಸ ಅನುಭವ ಎಂದು ಪಾಶ್ಚಾತ್ಯ ಚಿಂತಕರು ಹೇಳುತ್ತಾರೆ. ಈ ಚಿಂತಕರು ಕಬ್ಬಿನ ಟ್ರ್ಯಾಕ್ಟರ್ ಏರಿ ಕಾರ್ಖಾನೆಯ ಕಾಟಾದ ಮುಂದೆ ರಾತ್ರಿ ಕಳೆದವರಲ್ಲ. ಕಾಟಾದ ಮೇಲೆ ಕೆಂಪು ಅಂಕಿ ಮಿನುಗುತ್ತದೆ, ಚೀಟಿ ಹೊರಬರುತ್ತದೆ, ಅದೇ ತೂಕ. ಆಮೇಲೆ ಪ್ರಯೋಗಾಲಯದಿಂದ ಇಳುವರಿ ಎಂಬ ಇನ್ನೊಂದು ಅಂಕಿ ಬರುತ್ತದೆ. 2025–26ರ ಎಫ್‌ಆರ್‌ಪಿ, ಅಂದರೆ ಕಬ್ಬಿನ ನ್ಯಾಯಸಮ್ಮತ ದರ, ಕ್ವಿಂಟಲ್‌ಗೆ 355 ರೂಪಾಯಿ, ಶೇ 10.25 ಇಳುವರಿ ಇದ್ದರೆ. ಇದೆಯೋ ಇಲ್ಲವೋ ಹೇಳುವವರು ಕೊಳ್ಳುವವರೇ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳಿ ಕೂತರು. ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಅತ್ತ ಬಾರಾಮತಿಯಲ್ಲಿ ಕೃತಕ ಬುದ್ಧಿಯನ್ನು ಕಬ್ಬಿನ ಹೊಲಕ್ಕೆ ಇಳಿಸಿದ ಪ್ರಯೋಗವನ್ನು ಮೈಕ್ರೊಸಾಫ್ಟ್‌ನ ಸತ್ಯ ನಾದೆಲ್ಲಾ ಮೆಚ್ಚಿಕೊಂಡಿದ್ದಾರೆ. ಯಾವಾಗ ನೀರು ಬಿಡಬೇಕು, ಎಷ್ಟು ಗೊಬ್ಬರ ಹಾಕಬೇಕು ಎಂದು ಅದು ಹೇಳುತ್ತದೆ. ಬಿಲ್ಲು ಯಾವಾಗ ಬರುತ್ತದೆ ಎಂಬುದು ಅದರ ಅಧ್ಯಯನದ ವ್ಯಾಪ್ತಿಯಲ್ಲಿಲ್ಲ.

(ಈ)ಯಿಂದ ಮುಂದಿನ ಆರು ವರ್ಗಗಳನ್ನು ಕೈಬಿಡಲಾಗಿದೆ. ಸಮಯ ಮುಗಿಯಿತೆಂದು ಸಂಘಟಕರು ಎರಡನೆಯ ಚೀಟಿ ಕಳಿಸಿದ್ದಾರೆ.

3. ಪೂರ್ವೇತಿಹಾಸ: ಒಂದು ಮರುಓದು

ಕಂಪ್ಯೂಟರಿನ ಮೂಲ ಬನಹಟ್ಟಿಯಲ್ಲಿದೆ ಎಂಬುದು ಈ ಅಧ್ಯಯನದ ಕ್ರಾಂತಿಕಾರಕ ಪ್ರಮೇಯ. ತಕರಾರು ಇದ್ದವರು ಅಲ್ಲಿನ ಯಾವುದಾದರೂ ಜಕಾರ್ಡ್ ಮಗ್ಗದ ಕೆಳಗೆ ನಿಂತು ತಲೆ ಎತ್ತಿ ನೋಡಬೇಕು. ರಟ್ಟಿನ ಪಟ್ಟಿಗಳನ್ನು ದಾರದಿಂದ ಒಂದಕ್ಕೊಂದು ಹೊಲಿದು ಸರ ಮಾಡಿ ತೂಗುಬಿಟ್ಟಿರುತ್ತಾರೆ. ಪಟ್ಟಿಯಲ್ಲಿ ತೂತಿದ್ದಲ್ಲಿ ಸೂಜಿ ಒಳಹೋಗುತ್ತದೆ, ಅದಕ್ಕೆ ಸೇರಿದ ಎಳೆ ಮೇಲೇಳುತ್ತದೆ. ತೂತಿಲ್ಲದಲ್ಲಿ ಎಳೆ ಏಳುವುದಿಲ್ಲ. ಲಾಳಿ ಓಡುತ್ತದೆ, ಮುಂದಿನ ಪಟ್ಟಿ ಬರುತ್ತದೆ. ಸೀರೆಯ ಸೆರಗಿನಲ್ಲಿ ನವಿಲು ಮೂಡುವುದು ಹೀಗೆ. ಫ್ರಾನ್ಸಿನ ಜಕಾರ್ಡ್ ಇದನ್ನು 1804ರ ಹೊತ್ತಿಗೆ ರೂಢಿಗೆ ತಂದ. ಲೆಕ್ಕ ಮಾಡುವ ಯಂತ್ರದ ಬಗ್ಗೆ 1843ರಲ್ಲಿ ಬರೆಯುತ್ತ ಏಡಾ ಲವ್ಲೇಸ್ ನೆನೆದದ್ದೂ ಈ ಮಗ್ಗವನ್ನೇ.

ಜಕಾರ್ಡ್‌ನ ಕಾಲದ ಇಂಗ್ಲೆಂಡಿನಲ್ಲಿ ಹೆಣಿಗೆ ಯಂತ್ರ ಒಡೆದ ಕೆಲಸಗಾರರಿಗೆ 1812ರ ಕಾನೂನು ಗಲ್ಲು ವಿಧಿಸಿತು. ನಮ್ಮ ದೇಶ ಸೌಮ್ಯ ಸ್ವಭಾವದ್ದು. 1985ರಲ್ಲಿ ಕಾಯ್ದೆ ಮಾಡಿ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿತು. ಆಮೇಲೆ ಅವನ್ನು 11ಕ್ಕೆ ಇಳಿಸಿತು. 2020ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದು ಮಾಡಿತು. ಇಲ್ಲಿ ಯಾರೂ ಯಂತ್ರ ಒಡೆಯಲಿಲ್ಲ. ಕುಣಿಮಗ್ಗದ ಕುಣಿ ಮುಚ್ಚಿ, ಸಾಲ ತೆಗೆದು, ಅದೇ ಜಾಗದಲ್ಲಿ ಪಾವರ್‌ಲೂಮ್ ಕೂರಿಸಿದರು. ಈಗ ಸೂರತ್‌ನ ಇನ್ನೂ ವೇಗದ ಮಗ್ಗಗಳು ಆ ಪಾವರ್‌ಲೂಮನ್ನು ಮೂಲೆಗೆ ಕೂರಿಸುತ್ತಿವೆ.

4. ಕ್ಷೇತ್ರಕಾರ್ಯ

ಈ ಭಾಗದ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ‘ಕೃತಕ ಬುದ್ಧಿಮತ್ತೆ: ಸವಾಲುಗಳು ಮತ್ತು ಸಾಧ್ಯತೆಗಳು’ ಎಂಬ ವಿಚಾರ ಸಂಕಿರಣ. ದಿಕ್ಸೂಚಿ ಭಾಷಣಕಾರರು ಬೆಂಗಳೂರಿನವರು. ‘ಮಾನವೋತ್ತರ ಸ್ಥಿತ್ಯಂತರದ ಜ್ಞಾನಮೀಮಾಂಸೆ’ಯನ್ನು ಅವರು ಅಷ್ಟು ಹೊತ್ತು ಬಿಚ್ಚಿಟ್ಟರೂ ಒಳಗೆ ಏನೂ ಸಿಗಲಿಲ್ಲ. ಸ್ಥಳೀಯ ಬಣ್ಣ ಇರಲೆಂದು ಹಿರಿಯ ನೇಕಾರರೊಬ್ಬರಿಗೆ ಶಾಲು ಹೊದಿಸಿದರು. ಆ ಶಾಲೂ ಸೂರತ್‌ನದಿರಬೇಕು. ಪ್ರಶ್ನೋತ್ತರದಲ್ಲಿ ಅವರೇ ಎದ್ದು ನಿಂತರು.

“ಸರ, ನನಗ ನಿಮ್ಮ ಮಾತು ಭಾಳ ತಿಳೀಲಿಲ್ರಿ. ಒಂದ ಕೇಳತೀನಿ. ಈ ಮಶಿನ್ನು ಬಂದ್ರ ಒಂದು ಸೀರಿಗೆ ನನ್ನ ಮಜೂರಿ ಎಷ್ಟ ಆಕ್ಕೈತ್ರಿ?”

“ಇದು ಬಹುಶಿಸ್ತೀಯ ನೆಲೆಯಲ್ಲಿ ಮರುಚಿಂತಿಸಬೇಕಾದ ಪ್ರಶ್ನೆ” ಎಂದರು ಭಾಷಣಕಾರರು. ವಂದನಾರ್ಪಣೆ ಆಯಿತು. ಊಟಕ್ಕೆ ಹೋಳಿಗೆ ಇತ್ತು.

ಆ ಪ್ರಶ್ನೆಗೆ ಯಾವ ಶಿಸ್ತೂ ಬೇಕಿಲ್ಲ. ಯಂತ್ರ ಯಾರದು, ಉಳಿದ ದುಡ್ಡು ಯಾರ ಜೇಬಿಗೆ ಎಂದು ಹೇಳಿದರೆ ಮುಗಿಯಿತು. ಅದನ್ನು ಹೇಳಬಾರದೆಂದೇ ಇಷ್ಟೆಲ್ಲ ಪದ ಹುಟ್ಟಿಸುತ್ತೇವೆ. ಬೆಂಗಳೂರಿನ ಇಂಜಿನಿಯರನ ಕೆಲಸಕ್ಕೆ ಕುತ್ತು ಬಂದಾಗ ಅದು ಮನುಕುಲದ ಬಿಕ್ಕಟ್ಟು. ರಬಕವಿಯ ಮಗ್ಗ ನಿಂತಾಗ ಅದು ಮಾರುಕಟ್ಟೆಯ ನಿಯಮ. ಸಾಲಕ್ಕೆ ಅಂಜಿ ಜೀವ ಕಳೆದುಕೊಂಡ ನೇಕಾರನಿಗೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಅವನ ಬಗ್ಗೆ ಯಾವ ದೊಡ್ಡವರೂ ಬಹಿರಂಗ ಪತ್ರ ಬರೆಯಲಿಲ್ಲ, ಆರು ತಿಂಗಳು ನಿಲ್ಲಿಸಿ ಎನ್ನಲಿಲ್ಲ.

ಇನ್ನೂ ಸಂಕಟದ ಮಾತೆಂದರೆ, ಆ ಇಂಜಿನಿಯರ್ ಎಷ್ಟೋ ಸಲ ಇದೇ ನೇಕಾರನ ಮಗ. ಮಗ್ಗದ ಸಹವಾಸ ನನಗೇ ಸಾಕು, ನೀ ಕಂಪ್ಯೂಟರ್ ಕಲಿ ಎಂದು ಅಪ್ಪ ಹಗಲಿರುಳು ನೇಯ್ದು ಫೀಸು ಕಟ್ಟಿದ. ಅವ್ವ ಕಂಡಿಕಿ ಸುತ್ತಿ ಹಾಸ್ಟೆಲ್ ಖರ್ಚಿಗೆ ಕಳಿಸಿದಳು. ಮಗ ಓಡಿಹೋಗಿ ಸೇರಿಕೊಂಡ ಊರಿಗೂ ಯಂತ್ರ ಬೆನ್ನು ಹತ್ತಿ ಬಂತು. ತಲೆಮಾರಿಗೊಮ್ಮೆ ಒಂದೇ ಮನೆಯ ಬಾಗಿಲು ಬಡಿಯುವ ಇದಕ್ಕೆ ಸ್ಥಿತ್ಯಂತರ ಎಂದು ಹೆಸರಿಡಲು ನನ್ನಿಂದಾಗದು.

5. ಫಲಿತಗಳು

ಫಲಿತಗಳು ಎಂಬ ಬಹುವಚನ ಹೆಚ್ಚಾಯಿತು, ಇರುವುದು ಒಂದೇ. ಕೃತಕ ಬುದ್ಧಿಮತ್ತೆಯ ಬಗ್ಗೆ ಈ ಭಾಗದಲ್ಲಿ ಇನ್ನು ಯಾರಾದರೂ ಸಂಕಿರಣ ಮಾಡುವುದಾದರೆ ಶಾಲು, ಹಾರ, ಸ್ಮರಣಿಕೆಗಳ ಖರ್ಚು ಉಳಿಸಿ, ನಾಲ್ವರು ನೇಕಾರರಿಗೂ ನಾಲ್ವರು ಕಬ್ಬಿನ ರೈತರಿಗೂ ಒಂದು ದಿನದ ಮಜೂರಿ ಕೊಟ್ಟು ವೇದಿಕೆಯ ಮೇಲೆ ಕೂರಿಸಿರಿ. ವಿದ್ವಾಂಸರು ಕೆಳಗೆ ಕೂತು ಬರೆದುಕೊಳ್ಳಲಿ. ಯಂತ್ರದೊಂದಿಗೆ ಬದುಕಿ, ಸೋತು, ಮತ್ತೆ ಸಾಲ ತೆಗೆದು ಬದುಕಿದವರು ಅವರು. ಮೊದಲ ಪ್ರಶ್ನೆ ಕೇಳುವ ಹಕ್ಕೂ ಅವರದೇ.