ಜಪ್ತಿಯಾದ ಎಲೆ ಹೇಳಿದ ಗೋವಾ ಬಜೆಟ್

ಯಾದಗಿರಿ, ಶಹಾಪುರ, ಸುರಪುರದ ಸುದ್ದಿ ಬರುವ ಜಿಲ್ಲಾ ಪುಟದಲ್ಲಿ ತಾರೀಖು ಬದಲಾದರೂ ಒಕ್ಕಣೆ ಬದಲಾಗದ ವರದಿಯೊಂದಿದೆ. ಊರಾಚೆಯ ಸಾರ್ವಜನಿಕ ಜಾಗದಲ್ಲಿ ಅಂದರ್-ಬಾಹರ್ ಆಡುತ್ತಿದ್ದವರ ಮೇಲೆ ದಾಳಿ, ಇಂತಿಷ್ಟು ಜನರ ಮೇಲೆ ಪ್ರಕರಣ, ಇಂತಿಷ್ಟು ನಗದು ಹಾಗೂ 52 ಇಸ್ಪೀಟ್ ಎಲೆ ಜಪ್ತಿ. ಆಡಿದವರ ಹೆಸರು ಬರುತ್ತದೆ, ಹಿಡಿದವರ ಹೆಸರೂ ಬರುತ್ತದೆ. ಎಲೆಗಳನ್ನು ಮಾತ್ರ ಯಾರೂ ಮಾತಾಡಿಸಿಲ್ಲ. ಅದೇ ಊರುಗಳಲ್ಲಿ ಹತ್ತಿ ಮಾರಿದ ದುಡ್ಡು ಕೈ ಸೇರುವ ಹೊತ್ತಿಗೆ ನಾಲ್ಕು ಜನ ಗೆಳೆಯರು ಕೂತು ಗೋವಾಕ್ಕೆ ಹೋಗುವ, ಪಣಜಿಯ ಕ್ಯಾಸಿನೊದಲ್ಲಿ ಒಂದು ರಾತ್ರಿ ಕಳೆಯುವ ಖರ್ಚಿನ ಪಟ್ಟಿ ಹಾಕುತ್ತಾರೆ. ಡೀಸೆಲ್ಲು, ರೂಮು, ಊಟ, ಪ್ರವೇಶ ಶುಲ್ಕ ಎಲ್ಲವನ್ನೂ ಖರ್ಚಿನ ಕಡೆ ಬರೆದು, ಆಟಕ್ಕೆ ಎತ್ತಿಟ್ಟ ಇಪ್ಪತ್ತು ಸಾವಿರದ ಮುಂದೆ ಮಾತ್ರ ‘ಇದು ವಾಪಸ್ ಬರುತ್ತದೆ’ ಎಂದು ಬರೆದಿರುತ್ತಾರೆ. ಆ ಪಟ್ಟಿಯಲ್ಲಿ ತಪ್ಪಿರುವುದು ಆ ಒಂದೇ ಸಾಲು, ಉಳಿದದ್ದೆಲ್ಲ ಸರಿ ಎನ್ನುವುದು ನನ್ನ ವಾದ. ವಾದಕ್ಕೊಬ್ಬ ಸಾಕ್ಷಿ ಬೇಕಿತ್ತು. ಠಾಣೆಯೊಂದರ ಮುದ್ದೆಮಾಲು ಕೋಣೆಯಲ್ಲಿ, ಅರಗಿನ ಮುದ್ರೆ ಬಿದ್ದ ಲಕೋಟೆಯೊಳಗಿನಿಂದ, ಕಳಾವರ್ ಎಂಟು ಸಾಕ್ಷಿ ಹೇಳಲು ಒಪ್ಪಿತು.

ಪ್ರಶ್ನೆ: ಒಳಗಿರುವುದಕ್ಕೆ ಬೇಸರವೇ?

ಎಲೆ: ಬ್ಯಾಸರ ಯಾಕ್ರೀ? ನಡಕ ಕುಂದ್ರೋದೇ ನಮ್ಮ ಕೆಲಸ. ಕಟ್ಟಿನಾಗಿಂದ ಒಂದು ಎಲಿ ಬಿಚ್ಚಿ ನಡು ಇಡ್ತಾರ, ಅದರ ಜೋಡಿ ಅಂದರ್ ಕಡೆ ಬೀಳ್ತದೋ ಬಾಹರ್ ಕಡೆ ಬೀಳ್ತದೋ ಅಂತ ರೊಕ್ಕ ಹಚ್ತಾರ. ಆವತ್ತು ನಡು ಇದ್ದದ್ದು ನಾನು. ಜಾಲಿಗಿಡದ ಬುಡಕ ಟಾವೆಲ್ ಹಾಸಿ ಆಡಿದ್ರ ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 87. ಇದೇ ಆಟ, ಇದೇ ಎಲಿ, ಮಾಂಡೋವಿ ಹೊಳಿಯೊಳಗ ಲಂಗರು ಹಾಕಿದ ಹಡಗಿನಾಗ ಆಡಿದ್ರ ಲೈಸೆನ್ಸು, ಎ.ಸಿ., ಕೋಟು ಹಾಕ್ಕೊಂಡು ‘ಸರ್’ ಅನ್ನೋ ಡೀಲರು. ಗುನ್ನೆ ನಂದಲ್ರಿ, ಟಾವೆಲ್‌ದು.

ಎಲೆಯ ಮಾತಿನಲ್ಲಿ ಕುಹಕವಿದ್ದರೂ ಕಾನೂನು ಹೆಚ್ಚುಕಡಿಮೆ ಹಾಗೆಯೇ ಇದೆ. ಗೋವಾ, ದಮನ್ ಮತ್ತು ದೀವ್ ಸಾರ್ವಜನಿಕ ಜೂಜು ಕಾಯ್ದೆ 1976ರಲ್ಲಿ ಬಂದದ್ದು ಜೂಜನ್ನು ತಡೆಯಲಿಕ್ಕೆ. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಜಾಗ ಕೊಟ್ಟಿತು, 1996ರ ತಿದ್ದುಪಡಿ ನೀರಿನ ಮೇಲಿನ ಹಡಗುಗಳಲ್ಲಿ ಎಲೆಯಾಟಕ್ಕೂ ದಾರಿ ತೆರೆಯಿತು. ತಡೆಯುವ ಕಾಯ್ದೆಯ ಹೊಟ್ಟೆಯೊಳಗೇ ಪರವಾನಗಿ ಬೆಳೆದ ಬಗೆ ಇದು. ನೀತಿಯ ಪ್ರಶ್ನೆಯನ್ನು ಇಲ್ಲಿ ಬದಿಗಿಡೋಣ, ಹೋಗುವವರು ಹೋಗುತ್ತಾರೆ. ಈ ಭಾಗದವರಿಗೆ ಗೋವಾ ಹೊಸ ಊರೂ ಅಲ್ಲ. ಕಟ್ಟಡದ ಕೆಲಸಕ್ಕೆ, ಬಂದರಿನ ಕೂಲಿಗೆ ಇಲ್ಲಿಂದ ಜನ ಹೋಗುತ್ತ ದಶಕಗಳೇ ಆದವು. ಅವರ ಲೆಕ್ಕದಲ್ಲಿ ‘ವಾಪಸ್ ಬರುತ್ತದೆ’ ಎಂಬ ಸಾಲು ಎಂದೂ ಇರಲಿಲ್ಲ. ಆ ಸಾಲನ್ನು ಬರೆಯುವವರು ಮೋಜಿಗೆ ಹೋಗುವವರು ಮಾತ್ರ.

ಪ್ರಶ್ನೆ: ಆದರೆ ಆಟ ಸರಿಸಮವಲ್ಲವೇ? ಅಂದರ್ ಇಲ್ಲವೇ ಬಾಹರ್, ಅರ್ಧಕ್ಕರ್ಧ. ಹಾಗಿದ್ದಮೇಲೆ ಹಾಕಿದ್ದು ಸರಾಸರಿ ವಾಪಸ್ ಬರಲೇಬೇಕು.

ಎಲೆ: ಅರ್ಧಕ್ಕರ್ಧ ಅಂತ ನಿಮಗ ಕಾಣ್ತದ, ಅಲ್ಲೇ ಮಜಾ ಇರೋದು. ಮೊದಲನೇ ಎಲಿ ಯಾವ ಕಡೆ ಬೀಳ್ತದೋ ಆ ಕಡೆ ತುಸು ಜಾಸ್ತಿ ಗೆಲ್ತದ. ಸಾವಿರ ಆಟದಾಗ ಸುಮಾರು 515 ಸಲ. ಕ್ಯಾಸಿನೊದವರು ಶಾಣ್ಯಾರು, ಆ ಕಡೆ ಗೆದ್ರ ನೂರಕ್ಕ ತೊಂಬತ್ತೇ ಕೊಡ್ತಾರ. ಲೆಕ್ಕ ಹಾಕ್ರಿ: ಆಟಕ್ಕ ನೂರರಂಗ ಹಚ್ಚಿದ್ರ 515 ಸಲ ತೊಂಬತ್ತು ಅಂದ್ರ 46,350 ಬರ್ತದ, 485 ಸಲ ನೂರು ಅಂದ್ರ 48,500 ಹೋಗ್ತದ. 2,150 ಖೋತಾ. ಇನ್ನೊಂದು ಕಡೆ ಹಚ್ಚಿದ್ರ ನೂರಕ್ಕ ನೂರು ಕೊಡ್ತಾರ ಖರೆ, ಆದ್ರ ಗೆಲ್ಲೋದು 485 ಸಲ, ಸೋಲೋದು 515 ಸಲ. ಮೂರು ಸಾವಿರ ಖೋತಾ. ಯಾರೂ ಎಲಿ ಮುಚ್ಚಿಡಲ್ಲ, ಯಾರೂ ಮೋಸ ಮಾಡಲ್ಲ. ಹಳ್ಳ್ಯಾಗ ಕೆಲವೊಮ್ಮೆ ಮೋಸ ಇರ್ತದ, ಅಲ್ಲಿ ಬೇಕಾಗೇ ಇಲ್ಲ.

ನೂರಕ್ಕೆ ಎರಡು ಮೂರು ರೂಪಾಯಿ ಎಂದರೆ ಯಾರೂ ಹೆದರುವುದಿಲ್ಲ. ಇಪ್ಪತ್ತು ಸಾವಿರಕ್ಕೆ ಐನೂರು ತಾನೇ ಎನ್ನುತ್ತಾರೆ. ಬಜೆಟ್ ತಪ್ಪುವುದು ಸರಿಯಾಗಿ ಇಲ್ಲಿಯೇ. ಆ ಶೇಕಡಾವಾರು ಬೀಳುವುದು ಜೇಬಿನಲ್ಲಿ ಒಯ್ದ ಹಣದ ಮೇಲಲ್ಲ, ಮೇಜಿನ ಮೇಲೆ ಮತ್ತೆ ಮತ್ತೆ ಇಟ್ಟ ಹಣದ ಮೇಲೆ. ಆಟಕ್ಕೆ ಐನೂರು, ಗಂಟೆಗೆ ನಲವತ್ತು ಆಟ, ಐದು ಗಂಟೆ ಕೂತರೆ ಮೇಜಿನ ಮೇಲೆ ಓಡಾಡಿದ್ದು ಒಂದು ಲಕ್ಷ. ಅದರಲ್ಲಿ ನೂರಕ್ಕೆ ಎರಡೂವರೆ ಹಿಡಿದರೂ 2,500 ರೂಪಾಯಿ. ಹಾಗಾಗಿ ಕ್ಯಾಸಿನೊ ಪ್ರವಾಸದ ಬಜೆಟ್ಟಿನಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತು ಗಡಿಯಾರ. ಊಟ, ಪಾನೀಯ, ವೇದಿಕೆಯ ಹಾಡು-ಕುಣಿತ ಎಲ್ಲ ಟಿಕೆಟ್ಟಿನಲ್ಲೇ ಸೇರಿರುತ್ತವೆಂದು ಹಿಗ್ಗುವವರು ಅವು ಗಿರಾಕಿಯನ್ನು ಇನ್ನೆರಡು ಗಂಟೆ ಕೂರಿಸುವ ಖರ್ಚೆಂದು ತಿಳಿಯಬೇಕು. ಟಿಕೆಟ್ಟಿನ ಜೊತೆ ಸಿಗುವ ಕೆಲವು ಚಿಪ್‌ಗಳನ್ನು ನಗದಾಗಿಸಲು ಬರುವುದಿಲ್ಲ, ಆಡಿಯೇ ತೀರಿಸಬೇಕು. ಲಾಸ್ ವೇಗಾಸ್‌ನ ದೊಡ್ಡ ಬೀದಿಯ ಕ್ಯಾಸಿನೊಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅಲ್ಲೀಗ ಆದಾಯದ ಹೆಚ್ಚಿನ ಪಾಲು ಬರುವುದು ಜೂಜಿನಿಂದಲ್ಲ. ರೂಮು, ಊಟ, ಕುಡಿತ, ಪ್ರದರ್ಶನಗಳಿಂದ.

ಪ್ರಶ್ನೆ: ಗೆದ್ದು ಬಂದವರೂ ಊರಿನಲ್ಲಿದ್ದಾರಲ್ಲ? ಅವರು ಸುಳ್ಳು ಹೇಳುತ್ತಾರೆಯೇ?

ಎಲೆ: ಇಲ್ರಿ, ಖರೇನೇ ಹೇಳ್ತಾರ. ನೀವು ಹೇಳಿದ ಲೆಕ್ಕದಾಗೇ ಒಂದು ರಾತ್ರಿ ಇನ್ನೂರು ಆಟ ಆಡಿದ ಮೂರು ಮಂದಿಯೊಳಗ ಸುಮಾರು ಒಬ್ಬ ಲಾಭದಾಗ ಎದ್ದು ಬರ್ತಾನ. ಅವ ಬರದಿದ್ರ ಹಡಗ ಮುಳುಗ್ತದ. ಗೆದ್ದವ ಊರಾಗ ಚಹಾದಂಗಡಿ ಮುಂದ ಹೇಳ್ಕೋತ ಕುಂದ್ರತಾನ, ಸೋತ ಇಬ್ಬರು ಹೊಲದ ಕೆಲಸ ಅದ ಅಂತ ಹೇಳಿ ಎದ್ದು ಹೋಗ್ತಾರ. ಜಾಹೀರಾತಿಗೆ ಇದಕ್ಕಿಂತ ಸೋವಿ ದಾರಿ ಇಲ್ಲ. ಆದ್ರ ಹಂಗೇ ಹತ್ತು ರಾತ್ರಿ ಆಡಿದವರ ಪೈಕಿ ಲಾಭದಾಗ ಉಳಿಯೋರು ಎಂಟು ಮಂದಿಗೆ ಒಬ್ಬ. ನೂರು ರಾತ್ರಿ ಆಡಿದವರಾಗ ಹುಡುಕಬ್ಯಾಡ್ರಿ. ಅದೂ ತೆರಿಗಿ ಬಿಟ್ಟು ಹೇಳಿದ ಮಾತು.

ತೆರಿಗೆಯ ಮಾತು ಬಂದಾಗ ಎಲೆಯ ದನಿ ತುಸು ತಗ್ಗಿತು. ಸರ್ಕಾರದ ವಶದಲ್ಲಿದ್ದುಕೊಂಡು ಅದಕ್ಕಿಂತ ಹೆಚ್ಚು ಮಾತಾಡಲಾರದು. 2023ರ ಅಕ್ಟೋಬರ್‌ನಿಂದ ಚಿಪ್ ಕೊಳ್ಳುವಾಗ ಕೊಡುವ ಪೂರ್ತಿ ಮೊತ್ತದ ಮೇಲೆ ಶೇ 28ರ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಈ ಭಾರವನ್ನು ಕ್ಯಾಸಿನೊ ತಾನು ಎಷ್ಟು ಹೊರುತ್ತದೆ, ಗಿರಾಕಿಯ ಮೇಲೆ ಎಷ್ಟು ಹಾಕುತ್ತದೆ ಎಂಬುದನ್ನು ಬಾಗಿಲಲ್ಲೇ ಕೇಳಿ ಬರೆದುಕೊಳ್ಳದ ಪಟ್ಟಿ ಪಟ್ಟಿಯೇ ಅಲ್ಲ. ಇಪ್ಪತ್ತು ಸಾವಿರದಲ್ಲೇ ತೆರಿಗೆ ಸೇರಿದೆ ಎಂದುಕೊಂಡರೂ ಐದು ಸಾವಿರದ ಏಳುನೂರರಷ್ಟು ಅದಕ್ಕೇ ಹೋಗುತ್ತದೆ. ಮೇಜಿನ ಮೇಲೆ ಐದು ಗಂಟೆ ಕೂತು ಕಳೆಯುವ 2,500 ಅದರ ಅರ್ಧಕ್ಕೂ ಸಮವಲ್ಲ. ಗೆದ್ದರೆ ಆ ಆದಾಯಕ್ಕೆ ಶೇ 30ರ ನೇರ ದರ, ಮೇಲೆ ಸೆಸ್ಸು. ಹೋದ ತಿಂಗಳ ಸೋಲನ್ನು ಈ ತಿಂಗಳ ಗೆಲುವಿನಲ್ಲಿ ಕಳೆಯುವ ಹಾಗಿಲ್ಲ, ಹೋಗಿಬಂದ ಖರ್ಚನ್ನೂ ತೋರಿಸುವ ಹಾಗಿಲ್ಲ. ಸೋಲು ಸ್ವಂತದ್ದು, ಗೆಲುವು ಪಾಲುದಾರಿಕೆಯದು.

ಪ್ರಶ್ನೆ: ಸುರಪುರದ ರೈತ ಹೀಗೆ ಕೇಳಬಹುದು: ಬೀಜ, ಗೊಬ್ಬರ, ಔಷಧಿಗೆ ಸಾಲ ಮಾಡಿ ಮಳೆಯ ಮೇಲೆ, ಹತ್ತಿಯ ದರದ ಮೇಲೆ ನಾನು ಪ್ರತಿ ವರ್ಷ ಆಡುವುದೂ ಜೂಜೇ. ಅದಕ್ಕೆ ಬಜೆಟ್ ಪಾಠ ಹೇಳದವರು ಇದಕ್ಕೇಕೆ ಹೇಳುತ್ತೀರಿ?

ಎಲೆ ಇದಕ್ಕೆ ಉತ್ತರ ಕೊಡಲಿಲ್ಲ. ಹೊಲ ತನ್ನ ವಿಷಯವಲ್ಲ ಎಂದಿತು. ಉತ್ತರ ನಾನೇ ಕೊಡಬೇಕು, ಏಕೆಂದರೆ ಆಕ್ಷೇಪಗಳಲ್ಲೆಲ್ಲ ಗಟ್ಟಿಯಾದದ್ದು ಇದೇ. ಬೇಸಾಯದಲ್ಲಿ ಅನಿಶ್ಚಯವಿದೆ, ಕೆಲವು ವರ್ಷ ಕ್ಯಾಸಿನೊಗಿಂತ ಕ್ರೂರವಾಗಿಯೂ ಇರುತ್ತದೆ. ಆದರೆ ಆ ಅನಿಶ್ಚಯವನ್ನು ಮನುಷ್ಯ ಪ್ರಯತ್ನದಿಂದ ತಗ್ಗಿಸಬಹುದು, ತಗ್ಗಿಸಿದ್ದೂ ಉಂಟು. ಕೃಷ್ಣೆಗೆ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಕಟ್ಟಿ, ಎಡದಂಡೆ ಕಾಲುವೆಯನ್ನು ಸುರಪುರ, ಶಹಾಪುರದ ಹೊಲಗಳಿಗೆ ಹರಿಸಿದ್ದು ಮಳೆಯ ಜೂಜಿನ ಲೆಕ್ಕವನ್ನೇ ಬದಲಿಸಿತು. ಜೋಳ, ತೊಗರಿ ಕಂಡ ನೆಲ ಭತ್ತ ಕಂಡಿತು. ಬೆಂಬಲ ಬೆಲೆ, ಬೆಳೆ ವಿಮೆ ಎಷ್ಟೇ ಕುಂಟಲಿ, ಅವೂ ಅದೇ ದಿಕ್ಕಿನ ಪ್ರಯತ್ನಗಳು. 515ಕ್ಕೂ 485ಕ್ಕೂ ನಡುವೆ ಯಾವ ಕಾಲುವೆಯನ್ನೂ ತೋಡಲಾಗದು. ರೈತನ ಜೂಜು ಅವನು ಆರಿಸಿಕೊಂಡದ್ದಲ್ಲ ಎಂಬ ವ್ಯತ್ಯಾಸವೂ ಇದೆ. ಆರಿಸಿಕೊಳ್ಳದ ಜೂಜಿನಲ್ಲಿ ಉಳಿದ ದುಡ್ಡನ್ನು ಆರಿಸಿಕೊಂಡ ಜೂಜಿಗೆ ‘ಬಂಡವಾಳ’ ಎಂದು ಬರೆಯುವುದು ನನ್ನ ಮಟ್ಟಿಗೆ ಲೆಕ್ಕದ ತಪ್ಪಿಗಿಂತ ದೊಡ್ಡ ತಪ್ಪು.

ಪ್ರಶ್ನೆ: ಹಾಗಾದರೆ ಹೋಗಲೇಬಾರದೇ? ಸಿನಿಮಾಕ್ಕೆ ಕೊಟ್ಟ ದುಡ್ಡನ್ನು ಯಾರೂ ವಾಪಸ್ ಕೇಳುವುದಿಲ್ಲವಲ್ಲ.

ಎಲೆ: ಹೋಗ್ರಿ ಅಂತನೇ ನಾ ಹೇಳೋದು, ನಂದೂ ಹೊಟ್ಟಿಪಾಡು. ಆದ್ರ ಸಿನಿಮಾದಂಗ ಬರೀರಿ. ಮೈಲಾಪುರದ ಜಾತ್ರಿಗೆ ಹೋದವರು ಹುಂಡಿಗೆ ಹಾಕಿದ್ದನ್ನ ‘ಬರೋ ಬಾಕಿ’ ಅಂತ ಬರೀತಾರೇನು? ಇಪ್ಪತ್ತು ಸಾವಿರ ಊರಾಗೇ ಹೋತು ಅಂತ ಬರೆದು, ಎ.ಟಿ.ಎಂ. ಕಾರ್ಡ್ ರೂಮಿನಾಗ ಬಿಟ್ಟು, ವಾಪಸ್ ಬರೋ ಖರ್ಚು ಬ್ಯಾರೆ ಕಿಸೆದಾಗ ಇಟ್ಟು ಹೋಗ್ರಿ. ಒಬ್ಬೊಬ್ಬರ ರೊಕ್ಕ ಒಬ್ಬೊಬ್ಬರ ಹತ್ರ ಇರ್ಲಿ. ಕೂಡಿ ಹಾಕಿದ್ರ ಮೊದಲು ಸೋತವ ಉಳಿದವರ ರೊಕ್ಕದಾಗ ಆಡ್ತಾನ.

ಇದನ್ನು ವಿಪರೀತ ಎಚ್ಚರಿಕೆ ಎನ್ನುವವರು ಆತಿಥ್ಯ ನೀಡುವ ಸರ್ಕಾರಗಳ ನಡವಳಿಕೆಯನ್ನೇ ನೋಡಬಹುದು. 2020ರ ಫೆಬ್ರವರಿಯಿಂದ ಗೋವಾದ ಜನರೇ ಗೋವಾದ ಕ್ಯಾಸಿನೊಗಳಲ್ಲಿ ಆಡುವಂತಿಲ್ಲ. ನೇಪಾಳದ ಕ್ಯಾಸಿನೊಗಳಲ್ಲಿ ನೇಪಾಳಿಗಳಿಗೆ ಪ್ರವೇಶವಿಲ್ಲ. ಸಿಂಗಪುರದಲ್ಲಿ ಹೊರದೇಶದವರಿಗೆ ಬಾಗಿಲು ಪುಕ್ಕಟೆ, ಸ್ವಂತ ನಾಗರಿಕರು ಮತ್ತು ಕಾಯಂ ನಿವಾಸಿಗಳು ಮಾತ್ರ 24 ಗಂಟೆಗೆ 150 ಸಿಂಗಪುರ ಡಾಲರ್ ತೆತ್ತು ಒಳಗೆ ಹೋಗಬೇಕು. ಅಡುಗೆ ಮಾಡಿದವರು ತಮ್ಮ ಮಕ್ಕಳಿಗೆ ಬಡಿಸದ ಊಟವನ್ನು ನೆಂಟರಿಗೆ ಬಡಿಸುತ್ತಿರುವಾಗ ನೆಂಟರು ತಟ್ಟೆಯತ್ತ ಒಮ್ಮೆ ನೋಡಿಕೊಳ್ಳುವುದು ಅಗೌರವವೇನಲ್ಲ.

ಪ್ರಶ್ನೆ: ಕೊನೆಯದಾಗಿ, ಶಹಾಪುರದಿಂದ ಹೋಗುವ ನಾಲ್ವರ ಪಟ್ಟಿಯಲ್ಲಿ ಖಚಿತವಾಗಿ ಹೇಳಬಹುದಾದ ಒಂದಾದರೂ ಸಾಲಿದೆಯೇ?

ಎಲೆ: ಒಂದ ಅದ ರೀ. ನಾಲ್ಕು ಮಂದಿಯೊಳಗ ಭಾಳ ಸಲ ಗೆಲ್ಲೋದು ಒಬ್ಬ, ಇಲ್ಲಾ ಇಬ್ಬರು, ಇಲ್ಲಾಂದ್ರ ಒಬ್ಬನೂ ಇಲ್ಲ. ಗೆದ್ದವ ಒಬ್ಬನೇ ಇದ್ದ ಅಂತ ತಿಳ್ಕೋರಿ. ಬೆಳಗಾವಿ ದಾಟೋತನ ಗಾಡ್ಯಾಗ ಯಾರೂ ಮಾತಾಡಲ್ಲ. ಆಮ್ಯಾಲ ಡೀಸೆಲ್ ಅವನ ಕಡೆ, ಊಟ ಅವನ ಕಡೆ, ಉಳಿದ ಮೂವರ ಮನಿಯೊಳಗ ಹೇಳಬೇಕಾದ ಸುಳ್ಳಿಗೆ ಬೇಕಾಗೋ ಕೈಗಡನೂ ಅವನ ಕಡೆ. ಲಿಂಗಸುಗೂರಿನಾಗ ಚಹಾಕ್ಕ ನಿಂತಾಗ ಬಿಲ್ ಯಾರು ಕೊಡಬೇಕು ಅಂತ ಯಾರೂ ಯಾರನ್ನೂ ಕೇಳಲ್ಲ.