ಮೆಟ್ಟಿಲ್ಲದ ಮೋಹ

(ಬಸವನಗುಡಿಯ ಮನೆ. ರಾಯರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಬೇಸ್ ಗಿಟಾರು. ಶಾರದಮ್ಮ ವೀಣೆಗೆ ಶ್ರುತಿ ಮಾಡುತ್ತಿದ್ದಾರೆ.)

ರಾಯರು: ಲಿಮಿಟೆಡ್ ಎಡಿಷನ್ ಕಣೇ! ಫ್ರೆಟ್‌ಲೆಸ್. ಐದು ಲಕ್ಷ ಚಿಲ್ಲರೆ, ಅಷ್ಟೆ.

ಶಾರದಮ್ಮ: ಫ್ರೆಟ್‌ಲೆಸ್ ಅಂದ್ರೆ?

ರಾಯರು: ಮೆಟ್ಟುಗಳೇ ಇರಲ್ಲ.

ಶಾರದಮ್ಮ: ನನ್ನ ವೀಣೆಗೆ 24 ಮೆಟ್ಟಿದೆ, ಮೇಣ ಬೇರೆ. ನೀವು ಇಲ್ಲದ ಸಾಮಾನಿಗೆ ದುಡ್ಡು ಕೊಡ್ತೀರಾ?

ರಾಯರು: ಬೇಸ್ ವಾದಕ ಜಾಕೊ ಪಾಸ್ಟೋರಿಯಸ್‌ದು 1962ರ ಫೆಂಡರ್ ಜಾಝ್ ಬೇಸ್. ಫ್ರೆಟ್ ಇದ್ದ ಜಾಗಕ್ಕೆ ಪುಟ್ಟಿ ಮೆತ್ತಿ, ಮೇಲೆ ದೋಣಿಗೆ ಬಳಿಯೋ ಎಪಾಕ್ಸಿ ಬಳಿದದ್ದು. ಏನು ನಾದ ಅಂತೀಯ!

ಶಾರದಮ್ಮ: ನಿಮ್ಮ ಹಳೇ ಗಿಟಾರೂ ಅಟ್ಟದ ಮೇಲಿದೆ. ಇಕ್ಕಳ ಕೊಡ್ಲಾ?

ರಾಯರು: (ಕೇಳದವರಂತೆ) ಇದು ಜಾಕೊ ಬೇಸಿನ ನಕಲು. ಗೀರು, ಸವೆದ ಗುರುತು ಎಲ್ಲ ಕಾರ್ಖಾನೆಯಲ್ಲೇ ಹಾಕಿ ಕೊಡ್ತಾರೆ.

ಶಾರದಮ್ಮ: ನಾನು ಕಾರಿಗೆ ಗೀರು ಹಾಕಿದ ದಿನ ಕೂಗಾಡಿದ್ರಲ್ಲ? ಅದರ ಮಜೂರಿ ಕೊಡಿ.

(ಇಂಥ ಇಕ್ಕಟ್ಟಿನಲ್ಲಿ ಸಾಧಾರಣ ಗಂಡಂದಿರು ಕಲೆಯ ಮಾತೆತ್ತುತ್ತಾರೆ. ರಾಯರು ಬ್ಯಾಂಕಿನಿಂದ ನಿವೃತ್ತರಾದವರು.)

ರಾಯರು: ಇದು ಖರ್ಚಲ್ಲ ಕಣೇ, ಹೂಡಿಕೆ. ಮುಂದೆ ಬೆಲೆ ಏರತ್ತೆ.

ಶಾರದಮ್ಮ: ಆಗ ಮಾರ್ತೀರಾ?

ರಾಯರು: ಛೆ! ಜೀವ ಹೋದ್ರೂ ಮಾರಲ್ಲ.

ಶಾರದಮ್ಮ: ನುಡಿಸೋದಾದ್ರೂ ಉಂಟಾ?

ರಾಯರು: ಬೆರಳು ಕೂದಲೆಳೆಯಷ್ಟು ಜಾರಿದ್ರೂ ಅಪಸ್ವರ. ಕಲೀಬೇಕು. ಅಲ್ಲೀತನಕ ಗಾಜಿನ ಪೆಟ್ಟಿಗೇಲಿ ಇಡೋಣ ಅಂತ...

ಶಾರದಮ್ಮ: ಪೆಟ್ಟಿಗೇನೂ ಲಿಮಿಟೆಡ್ ಎಡಿಷನ್ನಾ?

ರಾಯರು: (ಮೊಬೈಲಿಗೆ ಬಗ್ಗಿ) ತಾಳು, ನೋಡ್ತೀನಿ.