ದೋಸೆ ಖಾಲಿ ಎಂದ ಮಾಣಿ

ಮಾಣಿ ಜಂಕ್ಷನ್ನಿನಲ್ಲಿ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಮುಂದೆ ಕಾದಿರುವುದು ಘಾಟಿಯೇ: ಉಪ್ಪಿನಂಗಡಿ ದಾಟಿ ಶಿರಾಡಿ, ಇಲ್ಲವೇ ಪುತ್ತೂರು, ಸುಳ್ಯ ದಾಟಿ ಸಂಪಾಜೆ. ಮಳೆಗಾಲದಲ್ಲಿ ಇಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಕಾಣಿಸುತ್ತದೆ. ಪುಟ್ಟ ಕಾರು, ಅದರಡಿಯಲ್ಲಿ ಹಾವು ಹರಿದಂಥ ಎರಡು ಗೆರೆ. ಟ್ರ್ಯಾಕ್ಷನ್ ಕಂಟ್ರೋಲ್ ದೀಪ. ಅದನ್ನು ಆರಿಸಲು ಎಲ್ಲರೂ ಸಿದ್ಧ, ಅದರ ಮಾತು ಕೇಳಲು ಯಾರಿಗೂ ಪುರಸೊತ್ತಿಲ್ಲ. ಹಾಗಾಗಿ ಈ ಸಂದರ್ಶನ.

ನಮಸ್ಕಾರ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಹೆದ್ದಾರಿ ಮೊದಲು, ಚರಂಡಿ ಆಮೇಲೆ. ಯಾಕೆ ಹೀಗೆ?

ನನ್ನನ್ನು ಕೇಳುತ್ತೀರಲ್ಲ ಮಾರಾಯ್ರೇ! ನಾನು ದೀಪ. ಈ ಊರಿನ ಹೆಸರೇ ನನ್ನ ಕೆಲಸ. ಹೋಟೆಲಿನ ಮಾಣಿಯ ಹಾಗೆ, ಒಳಗೆ ಅಡುಗೆಯವರು ಹೇಳಿದ್ದನ್ನು ಹೊರಗೆ ಬಂದು ಹೇಳುತ್ತೇನೆ. ದೋಸೆ ಖಾಲಿ ಎಂದ ಮಾಣಿಯನ್ನು ಕತ್ತು ಹಿಡಿದು ಹೊರಗೆ ಹಾಕಿದರೆ ದೋಸೆ ಬರುತ್ತದಾ? ನನಗೆ ಆಗುವುದು ಅದೇ. ಒಬ್ಬರು ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಹಾಕುತ್ತಾರೆ, ಇನ್ನೊಬ್ಬರು ಸ್ಕ್ಯಾನರ್ ಕೊಟ್ಟು ಕೋಡ್ ಅಳಿಸುತ್ತಾರೆ. ದೀಪ ಆರಿತು, ಬಿಲ್ ಆಯಿತು. ಕಾರು ಹೊರಟು ನಾಲ್ಕು ಚಕ್ರಗಳ ವೇಗದ ಲೆಕ್ಕ ತಾಳೆಯಾಗದೆ ಹೋದ ಕೂಡಲೇ, ಪಕ್ಕದ ನೇರಳಕಟ್ಟೆಗೆ ಮುಟ್ಟುವ ಮೊದಲೇ, ನಾನು ವಾಪಸ್. ಆಗ ಬೈಗುಳವೂ ನನಗೇ.

ಕೆಲವೊಮ್ಮೆ ಮಿನುಗುತ್ತೀರಿ, ಕೆಲವೊಮ್ಮೆ ಬಿಡದೆ ಉರಿಯುತ್ತೀರಿ. ಮಿನುಗುವುದು ರಸ್ತೆಯ ಮೇಲೆ ನೀರು ನಿಂತಾಗ, ಅಂದರೆ ಚರಂಡಿ ಇಲ್ಲದಾಗ, ಅಲ್ಲವೇ?

ಕಲ್ಲಡ್ಕದ ಚಹಾ ಕೆ.ಟಿ.ಯಲ್ಲಿ ಹಾಲು ಮತ್ತು ಡಿಕಾಕ್ಷನ್ ಒಂದೇ ಲೋಟದಲ್ಲಿದ್ದರೂ ಬೇರೆ ಬೇರೆ ನಿಲ್ಲುತ್ತವಲ್ಲ, ನನ್ನ ಎರಡು ಮಾತೂ ಹಾಗೆ, ಕಲಸಬೇಡಿ. ಮಿನುಗಿದರೆ ಚಕ್ರ ಜಾರುತ್ತಿದೆ. ಇಂಜಿನ್ ಬಲ ತಗ್ಗಿಸಿ, ಜಾರುವ ಚಕ್ರಕ್ಕೆ ಬ್ರೇಕ್ ಹಿಡಿದು ಸಂಭಾಳಿಸುವ ಕೆಲಸ ನಡೆದಿದೆ. ನೀವು ಆಕ್ಸಿಲರೇಟರ್ ಸಡಿಲಿಸಿದರೆ ಸಾಕು. ಬಿಡದೆ ಉರಿದರೆ ಒಂದೋ ಯಾರೋ ಸ್ವಿಚ್ ಒತ್ತಿ ಬಂದ್ ಮಾಡಿದ್ದಾರೆ, ಇಲ್ಲವೇ ಎಲ್ಲೋ ದೋಷ ಉಂಟು. ಮೊದಲು ಸ್ವಿಚ್ ನೋಡಿ. ಆಮೇಲೆ ಬ್ರೇಕ್ ಆಯಿಲ್ ನೋಡಿ, ನಾಲ್ಕೂ ಟೈರು ಒಂದೇ ಅಳತೆಯವಾ ನೋಡಿ. ಮತ್ತೆ ಸ್ಕ್ಯಾನರ್. ಇಂಜಿನ್ ಕೋಡ್ ಮಾತ್ರ ಓದುವ ಅಗ್ಗದ್ದು ಸಾಲದು, ಬ್ರೇಕ್ ತುಳಿದಾಗ ಚಕ್ರ ಕಚ್ಚದಂತೆ ನೋಡುವ ಎಬಿಎಸ್ ಘಟಕವನ್ನು ಓದುವಂಥದ್ದು ಬೇಕು. ಸಿ 0035 ಎಂದು ಬಂತು ಅನ್ನಿ. ಹಲವು ಕಾರುಗಳಲ್ಲಿ ಅದರ ಅರ್ಥ ಮುಂದಿನ ಎಡ ಚಕ್ರದ ವೇಗ ಸೆನ್ಸರಿನ ಸರ್ಕ್ಯೂಟ್. ಸರ್ಕ್ಯೂಟ್ ಎಂದು ಹೇಳಿದ್ದು, ಸೆನ್ಸರ್ ಹಾಳಾಗಿದೆ ಎಂದಲ್ಲ! ಆ ಸರ್ಕ್ಯೂಟಿನಲ್ಲಿ ವೈರ್ ಉಂಟು, ಕನೆಕ್ಟರ್ ಉಂಟು. ಎದುರಿಗೆ ತಿರುಗುವ ರಿಂಗ್ ಉಂಟು. ಕಾರನ್ನು ನಿಧಾನಕ್ಕೆ ಓಡಿಸಿ ಸ್ಕ್ಯಾನರಿನಲ್ಲಿ ನಾಲ್ಕು ಚಕ್ರಗಳ ವೇಗ ನೋಡಿ. ಮೂರು 20 ತೋರಿಸಿ ಒಂದು ಸೊನ್ನೆ ತೋರಿಸಿದರೆ ಆ ಚಕ್ರ ಬಿಚ್ಚಿ, ಕೆಂಪು ಕೆಸರು ಒರೆಸಿ, ವೈರನ್ನು ಕೈಯಲ್ಲಿ ಹಿಡಿದು ಉದ್ದಕ್ಕೂ ನೋಡಿ. ಈಚಿನ ಹಲವು ಕಾರುಗಳಲ್ಲಿ ಆ ರಿಂಗ್ ಬೇರಿಂಗಿನ ಒಂದೇ ಮಗ್ಗುಲಲ್ಲಿರುವ ಅಯಸ್ಕಾಂತದ ಪಟ್ಟಿ. ಬೇರಿಂಗ್ ಬದಲಿಸುವಾಗ ಅದನ್ನು ತಿರುವುಮುರುವು ಕೂರಿಸಿದರೆ ಹೊಸ ಸೆನ್ಸರ್ ಎಷ್ಟು ಹಾಕಿದರೂ ನಾನು ಆರುವುದಿಲ್ಲ.

ಹೊಸ ಸೆನ್ಸರ್ ದುಬಾರಿಯಂತೆ?

ಸೆನ್ಸರಿನ ರೇಟು ಆಮೇಲೆ, ಮೊದಲು ವೈರ್ ನೋಡಿ. ಇಲಿಯ ವಿಷಯ ಹೇಳಿದೆನಾ? ಅಡಿಕೆ ತೋಟದ ಮನೆಯಂಗಳದಲ್ಲಿ ವಾರಗಟ್ಟಲೆ ನಿಲ್ಲಿಸಿದ ಕಾರಿನ ವೈರನ್ನು ಅದು ಕಡಿದು ಹಾಕುತ್ತದೆ. ಗ್ಯಾರೇಜಿನವರು ಕೋಡ್ ಅಳಿಸುತ್ತಾರೆ. ಇಲಿಯನ್ನು ಅಳಿಸುವ ಸ್ಕ್ಯಾನರ್ ಇನ್ನೂ ಬಂದಿಲ್ಲ.

ಎಷ್ಟೋ ಸಲ ನೀವಾಗಿಯೇ ಆರುತ್ತೀರಿ. ಅದು ಗುಣವಾದದ್ದಲ್ಲವೇ?

ಒದ್ದೆಯಾದ ಕನೆಕ್ಟರ್ ಬಿಸಿಲಿಗೆ ಒಣಗಿದೆ, ಅಷ್ಟೇ. ಇನ್ನೊಂದು ಮಳೆ ಬರಲಿ. ಕೋಡ್ ಸಾಮಾನ್ಯವಾಗಿ ಒಳಗೆ ಉಳಿದಿರುತ್ತದೆ. ಅಳಿಸುವ ಮೊದಲು ಒಂದು ಚೀಟಿಯಲ್ಲಾದರೂ ಬರೆದುಕೊಳ್ಳಿ.

ಅಂಬಾಸಿಡರ್ ಕಾಲದಲ್ಲಿ ನೀವು ಇರಲೇ ಇಲ್ಲ. ಜನ ಘಾಟಿ ಇಳಿಯಲಿಲ್ಲವೇ?

ಇಳಿದರು. ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯಬೇಕೆಂದು ಗೊತ್ತಿದ್ದವರು ಇಳಿದರು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದರಲ್ಲೇ ಕಲಿತವನು ಗಾಬರಿಯಾದಾಗ ಒಮ್ಮೆಲೇ ಪೂರ್ತಿ ತುಳಿಯುತ್ತಾನೆ. ಹಾಗೆ ತುಳಿಯಬೇಕೆಂದೇ ಅವನಿಗೆ ಹೇಳಿಕೊಟ್ಟದ್ದು. ಎಬಿಎಸ್‌ಗೂ ನನಗೂ ಚಕ್ರದ ಸೆನ್ಸರುಗಳು ಒಂದೇ. ಅದರ ದೀಪವೂ ನನ್ನ ಜೊತೆ ಉರಿದರೆ ಮಾಮೂಲಿ ಬ್ರೇಕ್ ಇರುತ್ತದೆ, ಆದರೆ ಒದ್ದೆ ತಿರುವಿನಲ್ಲಿ ಚಕ್ರ ಕಚ್ಚಿ ನಿಲ್ಲಬಹುದು. ಆಮೇಲೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಇದು ಗೊತ್ತಿದ್ದೂ, ಕಾರು ಮಾರುವ ದಿನ ಬೆಳಿಗ್ಗೆ ಕೋಡ್ ಅಳಿಸುವವರಿದ್ದಾರೆ, ದೀಪದ ಮೇಲೆ ಕಪ್ಪು ಟೇಪ್ ಅಂಟಿಸುವವರಿದ್ದಾರೆ. ಕೊಂಡವನು ಮಕ್ಕಳನ್ನು ಕೂರಿಸಿಕೊಂಡು ಆಷಾಢದ ಮಳೆಯಲ್ಲಿ ಶಿರಾಡಿ ಇಳಿಯುತ್ತಾನೆ. ಇದನ್ನು ಉಪಾಯ ಎನ್ನಬೇಡಿ. ವ್ಯಾಪಾರ ಎಂದೂ ಅನ್ನಬೇಡಿ. ಇದು ಒಬ್ಬರ ಜೀವ ಒತ್ತೆಯಿಟ್ಟು ನಾಲ್ಕು ಕಾಸು ಉಳಿಸುವ ವಂಚನೆ.

(ಸ್ವಲ್ಪ ಹೊತ್ತಿನ ನಂತರ) ಕೊನೆಯ ಪ್ರಶ್ನೆ. ಸೆನ್ಸರಿಗೆ ಕೆಸರು ಹಾರುವುದು ರಸ್ತೆಯ ನೀರಿನಿಂದ. ಹಾಗಾದರೆ ಮೂಲ ದೋಷ ಚರಂಡಿಯದ್ದೇ ತಾನೇ?

ಅದು ನಿಮ್ಮ ದೀಪ, ನೀವೇ ಉರಿಯಿರಿ. ಪತ್ರಿಕೆಯವರು ಟೇಪ್ ಅಂಟಿಸುವವರೆಗೆ.

ಸಂದರ್ಶನ ಮುಗಿದಾಗಲೂ ದೀಪ ಉರಿಯುತ್ತಲೇ ಇತ್ತು. ಮುಂದಿನ ಎಡ ಚಕ್ರವನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.